ಅಣ್ಣ ವಕೀಲನ ಮಾತು ಬರೆಯುವವಳು

ಟೀವಿ ಧಾರಾವಾಹಿಯಲ್ಲಿ ಒಂದೇ ಆಫೀಸು ನಡೆಸುವ ಅಣ್ಣತಮ್ಮ ವಕೀಲರು ಹಾವು ಮುಂಗುಸಿಯಂತೆ ಕಚ್ಚಾಡುತ್ತಿದ್ದರು. ಅದನ್ನು ಬರೆಯುವ ಅಕ್ಕತಂಗಿಯರೇನೂ ಕಡಿಮೆ ಇರಲಿಲ್ಲ. ಅಣ್ಣನ ಮಾತು ಅಕ್ಕನದು, ತಮ್ಮನ ಮಾತು ತಂಗಿಯದು. ಒಬ್ಬಳು ಬರೆದ ಹಾಳೆಯನ್ನು ಮೇಜಿನಾಚೆ ತಳ್ಳಿದರೆ ಇನ್ನೊಬ್ಬಳು ಅದಕ್ಕೆ ಉತ್ತರ ಗೀಚಿ ಹಿಂದಕ್ಕೆ ತಳ್ಳಬೇಕು. ಬೆಳಗ್ಗೆ ಮನೆಯಲ್ಲಿ ಬಚ್ಚಲಿಗಾಗಿ ಶುರುವಾದ ಜಗಳ ಮಧ್ಯಾಹ್ನದ ಹೊತ್ತಿಗೆ ಧಾರಾವಾಹಿಯ ಕೋರ್ಟು ಮೆಟ್ಟಿಲು ಹತ್ತಿರುತ್ತಿತ್ತು. ನೋಡುವ ಜನ ಬಾಯಿ ಚಪ್ಪರಿಸುತ್ತಿದ್ದರು.

ಈಗ ಆ ಆಫೀಸು ಒಡೆಯಬೇಕಂತೆ. ತಮ್ಮನ ಪಾತ್ರಕ್ಕೆ ಬೇರೆಯೇ ಧಾರಾವಾಹಿ, ಅದಕ್ಕೆ ತಂಗಿಯೊಬ್ಬಳೇ ಬರಹಗಾರ್ತಿ. ಸುದ್ದಿ ಅಕ್ಕನಿಗೆ ಗೊತ್ತಾದದ್ದು ನಿರ್ದೇಶಕನ ಬಾಯಿಂದ. ಮೈಯೆಲ್ಲ ಉರಿದುಹೋಯಿತು. ಒಂದೇ ಮನೆಯಲ್ಲಿ ಉಂಡು ಮಲಗುವವಳಿಗೆ ಹೇಳಲು ಬಾಯಿ ಬಿದ್ದುಹೋಗಿತ್ತೇ? ಸಿಟ್ಟಿನ ಜೊತೆಗೆ ಭಯವೂ ಆಯಿತು. ಆಚೆಯಿಂದ ತಂಗಿ ಉತ್ತರ ಕೊಡದಿದ್ದರೆ ತನ್ನಿಂದ ಒಂದು ಸಾಲೂ ಹುಟ್ಟುವುದಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೋಗಬೇಡ ಕಣೇ ಎಂದುಬಿಟ್ಟರೆ ಮುಗಿಯಿತು. ಆದರೆ ಹಾಳಾದ ಆ ಮಾತು ಗಂಟಲು ದಾಟಲಿಲ್ಲ.

"ನಿನ್ನನ್ನ ಮನುಷ್ಯನ್ನ ಮಾಡಿದ್ದು ನಾನು. ನನ್ನ ಬಿಟ್ಟು ಹೋದ್ರೆ ನಿನ್ನ ಮೂಸಿ ನೋಡೋರೂ ಇರಲ್ಲ," ಎಂದು ಅಣ್ಣ ವಕೀಲನ ಬಾಯಿಗೆ ತುರುಕಿ ಹಾಳೆ ತಳ್ಳಿದಳು. ತಂಗಿ ಕೆರಳಲಿ, ಜಗಳವಾಡಲಿ, ಆಡುತ್ತಾ ಆಡುತ್ತಾ ಇಲ್ಲೇ ಉಳಿಯಲಿ ಎಂಬುದು ಅವಳ ಲೆಕ್ಕ.

ತಂಗಿ ಓದಿ, ಒಂದೇ ಸಾಲು ಬರೆದು ಹಿಂದಿರುಗಿಸಿದಳು: "ಆಯ್ತಣ್ಣ, ನೀನೇ ಸರಿ. ಬರ್ತೀನಿ."

"ಏನೇ ಇದು?" ಅಕ್ಕ ರೇಗಿದಳು. "ಇವನು ಯಾವತ್ತಾದ್ರೂ ಸೋತಿದ್ದಾನಾ? ತಿರುಗಿ ಬೈಯೋ ಹಾಗೆ ಬರಿ!"

"ಅವನಿಗೆ ಸಾಕಾಗಿದೆ ಅಕ್ಕ."

"ಅವನಿಗಾ, ನಿನಗಾ?"

ತಂಗಿ ಪೆನ್ನಿಗೆ ಮುಚ್ಚಳ ಹಾಕಿದಳು.

ಅಷ್ಟರಲ್ಲಿ ನಿರ್ದೇಶಕ ಬಾಗಿಲಲ್ಲಿ ತಲೆ ಹಾಕಿದ. "ಮೇಡಂ, ಅಣ್ಣಂದು ಒಂದು ಕೊನೆ ಮಾತು ಕೊಟ್ಬಿಡಿ. ಸೆಟ್ಟಲ್ಲಿ ಲೈಟೆಲ್ಲ ಹಾಕ್ಕೊಂಡು ಕಾಯ್ತಿದ್ದಾರೆ."

ಅಕ್ಕ ಹಲ್ಲು ಕಚ್ಚಿಕೊಂಡು ಹಾಳೆಯನ್ನೇ ದುರುಗುಟ್ಟಿ ನೋಡಿದಳು. ತನ್ನ ಮೇಲೇ ಅವಳಿಗೆ ಸಿಟ್ಟು ಬಂದಿತ್ತು. ಕೊನೆಗೂ ಬಿಂಕವನ್ನೆಲ್ಲ ನುಂಗಿಕೊಂಡು ಬರೆದಳು: "ಹೋಗಬೇಡ್ವೋ. ನೀನಿಲ್ದೆ ನನ್ನ ಕೈಲಾಗಲ್ಲ."

ತಂಗಿಯತ್ತ ತಳ್ಳುವಷ್ಟರಲ್ಲಿ ನಿರ್ದೇಶಕ ಅದನ್ನು ಎತ್ತಿಕೊಂಡ. ಓದಿ ಪಕ್ಕನೆ ನಕ್ಕ. "ಏನ್ ಮೇಡಂ ನೀವು! ಆ ಕಲ್ಲೆದೆಯವನು ಹೀಗೆ ಗೋಗರೀತಾನಾ? ನೀವೇ ಬೆಳೆಸಿದ ಪಾತ್ರ ಅಲ್ವಾ?" ಎನ್ನುತ್ತಾ ಆ ಸಾಲನ್ನು ಹೊಡೆದುಹಾಕಿ ತಂಗಿಯ ಮುಂದೆ ಹಿಡಿದ. "ನೀವೇ ಹೇಳಿ."

ತಂಗಿ ಹೊಡೆದುಹಾಕಿದ ಸಾಲನ್ನು ಓದಿದಳು, ಇನ್ನೊಮ್ಮೆ ಓದಿದಳು. ಅವಳ ಕಣ್ಣು ತುಂಬಿಬಂತು.

"ಸರ್ ಹೇಳೋದು ಸರಿ ಅಕ್ಕ," ಎಂದಳು ತಂಗಿ. "ಇಷ್ಟು ವರ್ಷದಲ್ಲಿ ಒಂದ್ಸಲನೂ ಅಂದವನಲ್ಲ. ಈಗ ಅಂದ್ರೆ ಯಾರು ನಂಬ್ತಾರೆ?"

ಕಣ್ಣೊರೆಸಿಕೊಂಡು ಚೀಲವನ್ನು ಹೆಗಲಿಗೆ ಹಾಕಿಕೊಂಡಳು.