ಸಾಹೇಬರ ಬಲಗಿವಿ

ಇಪ್ಪತ್ತಾರು ವರ್ಷಗಳಿಂದ ನಾನು ಒಬ್ಬ ಮನುಷ್ಯನ ಬಲಗಿವಿಯ ಹಿಂದೆ ನಿಂತಿದ್ದೇನೆ. ಕಾಗದಪತ್ರದಲ್ಲಿ ನನ್ನನ್ನು ಆಪ್ತ ಸಹಾಯಕ ಸನಾಉಲ್ಲಾ ಎಂದು ಬರೆಯುತ್ತಾರೆ. ನನ್ನ ಖರೇ ಕೆಲಸ ಮಾತ್ರ ಒಂದೇ. ಖಾನಾಪುರದ ಶಾಸಕ ಗುರುಪುತ್ರಪ್ಪ ಸಂಪಗಾವಿಯವರ ಮುಂದೆ ಯಾರಾದರೂ ಕೈಮುಗಿದು ಬಂದರೆ, ಅವರು ಇನ್ನೂ ನಾಲ್ಕು ಹೆಜ್ಜೆ ದೂರವಿರುವಾಗಲೇ ನಾನು ಸಾಹೇಬರ ಕಿವಿಯಲ್ಲಿ ಹೆಸರು, ಊರು, ವಿಷಯ ಹೇಳಿ ಮುಗಿಸಬೇಕು. "ಕಲ್ಲಯ್ಯ. ಪಾರಿಶ್ವಾಡ. ಮಗನ ನೌಕರಿ." ಅಷ್ಟೇ ಸಾಕು. ಸಾಹೇಬರು ಎರಡೂ ಕೈ ಚಾಚಿ, "ಏನಪಾ ಕಲ್ಲಯ್ಯಾ, ಮಗಗ ನೌಕರಿ ಸಿಕ್ತಿಲ್ಲೋ?" ಎನ್ನುತ್ತಿದ್ದರು. ಕಲ್ಲಯ್ಯನ ಕಣ್ಣು ತುಂಬಿಕೊಳ್ಳುತ್ತಿತ್ತು. ಬಂದವರು ಮರಾಠಿ ಮಾತಾಡುವವರಾದರೆ ನಾನು ಮರಾಠಿಯಲ್ಲಿಯೇ ಪಿಸುಗುಡುತ್ತಿದ್ದೆ, ಯಾವ ಭಾಷೆಯಲ್ಲಿ ಮಾತಾಡಬೇಕೆಂಬುದು ಸಾಹೇಬರಿಗೆ ಅದರಿಂದಲೇ ತಿಳಿಯುತ್ತಿತ್ತು. ಹೀಗೆ ನಾವು ನಾಲ್ಕು ಚುನಾವಣೆ ಗೆದ್ದೆವು. ನಾವು ಎಂದೇ ಹೇಳುತ್ತೇನೆ, ಯಾರಿಗೆ ಸಿಟ್ಟು ಬಂದರೂ ಬರಲಿ.

ಎರಡು ವರ್ಷದ ಹಿಂದೆ ಒಂದು ಮುಂಜಾನೆ ಬೆಳಗಾವಿಯ ಮನೆಯಲ್ಲಿ ಪತ್ರಗಳನ್ನು ಓದಿ ಹೇಳುತ್ತ ಸಾಹೇಬರ ಹಿಂದೆ ನಿಂತಿದ್ದೆ. ಅವರ ಹೆಂಡತಿ ಚಂದ್ರವ್ವಕ್ಕ ಚಹಾ ಹಿಡಿದು ಒಳಗಿನಿಂದ ಬಂದರು. ಸಾಹೇಬರು ಅವರನ್ನು ನೋಡಿ, ಮೆಲ್ಲಗೆ ಬಲಗಿವಿಯನ್ನು ನನ್ನತ್ತ ವಾಲಿಸಿದರು. ನಾನು ಚೇಷ್ಟೆ ಎಂದುಕೊಂಡು ನಕ್ಕೆ. ಸಾಹೇಬರು ನಗಲಿಲ್ಲ. ಕಿವಿ ಹಾಗೆಯೇ ಕಾಯುತ್ತಿತ್ತು.

"ಚಂದ್ರವ್ವ," ಎಂದೆ ಸಣ್ಣಗೆ. "ನಿಮ್ಮ ಮನಿಯವರು."

ಸಾಹೇಬರು ಮುಖ ಅರಳಿಸಿ, "ಬಾ ಚಂದ್ರವ್ವ, ಚಹಾ ತಂದ್ಯಾ?" ಎಂದರು.

ಡಾಕ್ಟರ ಹತ್ತಿರ ಕರೆದುಕೊಂಡು ಹೋದವನು ನಾನೇ. ಮಿದುಳು ಸವೆಯುತ್ತ ಹೋಗುವ ರೋಗ, ಇದಕ್ಕೆ ಔಷಧವಿಲ್ಲ, ದಿನದಿಂದ ದಿನಕ್ಕೆ ಮರೆವು ಹೆಚ್ಚುತ್ತದೆ ಎಂದರು. ಅಲ್ಲಿಂದ ಖಾನಾಪುರಕ್ಕೆ ಹೊರಟಾಗ ದೇಸೂರಿನ ಹತ್ತಿರ ರೈಲ್ವೆ ಗೇಟು ಬಿತ್ತು. ಡ್ರೈವರ ಎಲೆ ಅಡಿಕೆ ತರಲು ಇಳಿದ. ಸಾಹೇಬರಿಗೆ ಅವತ್ತು ಎಲ್ಲವೂ ನಿಚ್ಚಳವಾಗಿತ್ತು.

"ಸನಾ, ನಾ ಇಷ್ಟಿಷ್ಟ ಕರಗಾಕತ್ತೀನಿ," ಎಂದರು. "ಇದೊಂದು ಅವಧಿ ಹೆಂಗರ ಮುಗಸ್ತೀನಿ. ಆದ್ರ ಇದಕ್ಕಿಂತ ದೊಡ್ಡದೇನರ ನನ್ನ ತಲಿಗೆ ಕಟ್ಟಾಕ ಬಂದ್ರ ನೀ ಬಿಡಬ್ಯಾಡ. ಏನ್ ಬರದೈತಿ ಅಂತ ತಿಳೀದ ಸಹಿ ಹಾಕಿ, ಮಂದಿ ಬಾಳೇ ಹಾಳ ಮಾಡೂ ಪಾಪ ನಂಗ ಬ್ಯಾಡ."

"ನಾ ಯಾರ್ರಿ ಸಾಹೇಬ್ರ, ನಿಮ್ಮನ್ನ ತಡಿಯಾಕ?"

"ನೀ ಏನೂ ಮಾಡಬ್ಯಾಡ. ಒಮ್ಮಿ, ಒಂದ ಸಲ, ಮಂದಿ ಮುಂದ ಬಾಯಿ ಮುಚಗೊಂಡು ನಿಂದ್ರ. ನಾ ನನ್ನಷ್ಟಕ್ಕ ಬೀಳ್ತೀನಿ. ಹೆಂಡ್ತಿ ಕಡಿಂದ ಇದು ಆಗೂದಿಲ್ಲ, ಮಗನ ಕಡಿಂದ ಅಂತೂ ಆಗೂದಿಲ್ಲ. ಆಣಿ ಮಾಡ."

ಅವರ ಅಂಗೈ ಮೇಲೆ ಕೈಯಿಟ್ಟು ಆಣೆ ಮಾಡಿದೆ. ಗೂಡ್ಸ್ ರೈಲು ಹೋಗಿ ಗೇಟು ಎತ್ತಿದರು, ಡ್ರೈವರ ಬಂದ, ನಾವು ಹೊರಟೆವು.

ಆಮೇಲೆ ನಾನು ಮಾಡಿದ್ದೇನು? ಇನ್ನೂ ಚೆನ್ನಾಗಿ ಪಿಸುಗುಟ್ಟಿದೆ! ಮೊದಲು ಹೆಸರು, ಊರು, ವಿಷಯ ಅಷ್ಟೇ ಇತ್ತು. ಬರುಬರುತ್ತ ಇದು ಯಾವ ಊರು, ಇವತ್ತು ಯಾವ ವಾರ, ಊಟ ಆಗಿದೆಯೋ ಇಲ್ಲವೋ, ಎಲ್ಲವನ್ನೂ ಕಿವಿಗೆ ಹಾಕತೊಡಗಿದೆ. ಕಾಲು ಶತಮಾನದಿಂದ ನಾನು ಅವರ ಕಿವಿಗೆ ಜೋತುಬಿದ್ದದ್ದನ್ನು ಕಂಡ ಮಂದಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ಸಾಹೇಬರ ಮಾತು ಕಡಿಮೆಯಾಯಿತು. ಮಂದಿ ಅದಕ್ಕೆ ಗಾಂಭೀರ್ಯ ಎಂದರು, ಪೇಪರಿನವರು ಮಿತಭಾಷಿ ಎಂದು ಬರೆದರು. ಸೋರುವ ಮಾಳಿಗೆಯ ಕೆಳಗೆ ಬುಟ್ಟಿಯ ಮೇಲೆ ಬುಟ್ಟಿ ಇಟ್ಟು, ಬಂದವರಿಗೆಲ್ಲ ಮನೆ ಗಟ್ಟಿಮುಟ್ಟಾಗಿದೆ ಎಂದು ತೋರಿಸಿದ ಮೂರ್ಖ ನಾನು. ನನ್ನ ಜಾಣತನಕ್ಕೆ ಬೆಂಕಿ ಹಾಕಬೇಕು.

ಅಷ್ಟರಲ್ಲಿ ಲೋಕಸಭೆಯ ಚುನಾವಣೆ ಬಂತು. ಖಾನಾಪುರ ತಾಲೂಕು ಸೇರುವುದು ಕಾರವಾರದ ಕಡೆಯ ಕ್ಷೇತ್ರಕ್ಕೆ. ಆದರೆ ಬೆಳಗಾವಿಯ ಟಿಕೆಟ್ಟಿಗಾಗಿ ಪಕ್ಷದ ಎರಡು ಗುಂಪುಗಳು ಹೊಡೆದಾಡಿಕೊಂಡು ಸುಸ್ತಾಗಿ, ಕೊನೆಗೆ ಯಾರ ತಂಟೆಗೂ ಹೋಗದ, ಹೆಚ್ಚು ಮಾತಾಡದ ಹಿರಿಯರೆಂದು ಸಾಹೇಬರ ಹೆಸರನ್ನು ಒಪ್ಪಿಕೊಂಡವು. ಗೆದ್ದರೆ ದಿಲ್ಲಿಯಲ್ಲಿ ಮಂತ್ರಿಗಿರಿ ಪಕ್ಕಾ ಎಂದು ಮೇಲಿನಿಂದ ಮಾತೂ ಬಂತು. ಮನೆಯ ಮುಂದೆ ಪಟಾಕಿ ಹಾರಿಸಿದರು. ಸಾಹೇಬರು ಕಿವಿ ವಾಲಿಸಿ, "ಯಾರ ಮದ್ವಿಲೇ?" ಎಂದು ಕೇಳಿದರು.

ಅದೇ ವಾರ ಪಾರಿಶ್ವಾಡದ ಆ ಸಂಗತಿ ನಡೆಯಿತು. ಶುಕ್ರವಾರ ಮಧ್ಯಾಹ್ನದ ನಮಾಜಿನ ಒಂದು ತಾಸು ಮಾತ್ರ ನಾನು ಸಾಹೇಬರ ಹಿಂದೆ ಇರುವುದಿಲ್ಲ. ಅದೇ ಹೊತ್ತಿಗೆ, ಕಲ್ಲಯ್ಯನ ಮಗ ಬೈಕಿನಿಂದ ಬಿದ್ದು ತೀರಿಕೊಂಡ ಸುದ್ದಿ ಬಂತು. ಚುನಾವಣೆಯ ಕಾಲ, ತಡಮಾಡಬಾರದೆಂದು ಸಾಹೇಬರ ಮಗ ಗೌರೀಶ ತಂದೆಯನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದ. ಲಿಂಗಾಯತರ ಮನೆ, ಅವರ ಪದ್ಧತಿಯಂತೆ ಹುಡುಗನ ಹೆಣವನ್ನು ಅಂಗಳದಲ್ಲಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ತಲೆಗೆ ರುಮಾಲು ಸುತ್ತಿ, ಕೊರಳ ತುಂಬ ಹೂವಿನ ಹಾರ ಹಾಕಿದ್ದರು. ಬಾಜುಕ್ಕೆ ಭಜನೆ ನಡೆದಿತ್ತು. ಸಾಹೇಬರು ಬಲಕ್ಕೆ ವಾಲಿದರು. ಅಲ್ಲಿ ನಾನಿರಲಿಲ್ಲ. ಅವರು ನೆಟ್ಟಗೆ ಹೋಗಿ ಆ ಹುಡುಗನ ತಲೆಯ ಮೇಲೆ ಕೈಯಿಟ್ಟು, "ನೂರ ವರ್ಷ ಬಾಳಪಾ. ಎಲ್ಲಿ, ಮದುಮಗಳ್ನ ಕರೀರಿ," ಎಂದುಬಿಟ್ಟರು.

ನಮಾಜು ಮುಗಿಸಿ ಬಂದ ಮೇಲೆ ಇದೆಲ್ಲ ನನ್ನ ಕಿವಿಗೆ ಬಿತ್ತು. ಸಂಜೆ ಮುಂದೆ ಓಡಿಹೋಗಿ ಕಲ್ಲಯ್ಯನ ಕಾಲು ಹಿಡಿಯಲು ಬಗ್ಗಿದೆ. ಅವನು ನನ್ನನ್ನೇ ಹಿಡಿದೆತ್ತಿದ. "ಸಾಹೇಬ್ರು ನನ್ನ ಮಗಾ ಸತ್ತಾನಂತ ಒಪ್ಪಲಿಲ್ಲೋ ಸನಾ ಸಾಬ," ಎಂದು ಅತ್ತ. "ದುಃಖಕ್ಕ ಅವರ ತಲೀನ ಕೆಟ್ಟಂಗಾತು. ಇಂಥಾ ಮನಷ್ಯಾ ಎಲ್ಲಿ ಸಿಗತಾನ!" ಆ ಮಾತು ಮರುದಿನದೊಳಗೆ ಹಳ್ಳಿಹಳ್ಳಿಗೆ ಹಬ್ಬಿತು, ಮತವಾಗಿ ಬೆಳೆಯಿತು. ಮಗನನ್ನು ಕಳೆದುಕೊಂಡವನು ನಮ್ಮ ಸಾಹೇಬರಿಗಾಗಿ ಅಳುತ್ತಿದ್ದ, ನನಗೆ ಅಲ್ಲಿಯೇ ಭೂಮಿ ಬಾಯಿಬಿಡಬಾರದೇ ಅನಿಸಿತು.

ಇನ್ನು ಸುಮ್ಮನಿರಲಾರೆ ಎಂದು ಮೊದಲು ಗೌರೀಶನ ಹತ್ತಿರ ಹೋದೆ. ನನ್ನ ಹೆಗಲ ಮೇಲೆ ಬೆಳೆದ ಹುಡುಗ. "ಕಾಕಾ, ಅಪ್ಪಾ ಯಾವಾಗಲೂ ನೀವು ಹೇಳಿಕೊಟ್ಟಿದ್ದನ್ನ ಮಾತಾಡ್ಯಾನ," ಎಂದ. "ದಿಲ್ಲ್ಯಾಗ ನಾ ಹೇಳಿಕೊಡ್ತೀನಿ. ನೀವು ಗೆಲ್ಲೂತನಕ ಹಿಂದ ನಿಂದರ್ರಿ, ಸಾಕು." ಡಾಕ್ಟರ ವರದಿಯ ವಿಷಯ ಎತ್ತಿದೆ. "ಯಾವ ವರದಿ?" ಎಂದ. ಅದು ಅವನ ಕಪಾಟಿನಲ್ಲಿ ಇತ್ತು. ಈಗ ಇಲ್ಲ ಎಂಬುದು ಅವನ ಮುಖದಲ್ಲೇ ಕಂಡಿತು.

ಜಿಲ್ಲಾ ಅಧ್ಯಕ್ಷ ಸೋಮಲಿಂಗನ ಬಾಗಿಲು ಬಡಿದೆ. ಅವನು ಪೂರ್ತಿ ಕೇಳಿಸಿಕೊಂಡ, ಅದೊಂದು ಪುಣ್ಯ. "ಪಾರ್ಲಿಮೆಂಟಿನ್ಯಾಗ ನೆನಪ ಯಾಕ ಬೇಕೋ ಮಾರಾಯಾ? ಕೈ ಎತ್ತಂದಾಗ ಕೈ ಎತ್ತಿದ್ರ ಆತು," ಎಂದು ನಕ್ಕ. ನಾನು ನಗದೇ ಇದ್ದದ್ದು ಕಂಡು ಅವನ ಧ್ವನಿ ಬದಲಾಯಿತು. "ಖರೇ ಹೇಳ, ಎದುರಿನವ್ರು ಹಚ್ಚಿಕೊಟ್ಟಾರೇನ? ನಿಮ್ಮ ಮಂದೀನ ನಂಬಬಾರದಂತ ನಂಗ ಎಷ್ಟ ಮಂದಿ ಹೇಳಿದ್ರು." ಇಪ್ಪತ್ತಾರು ವರ್ಷ ಒಂದೇ ಕಿವಿಯ ಹಿಂದೆ ನಿಂತವನಿಗೆ ಸಿಕ್ಕ ಮಾತು ಇದು! ಅವನ ಮನೆಯ ನೀರನ್ನೂ ಮುಟ್ಟದೆ ಎದ್ದು ಬಂದೆ.

ಕೊನೆಗೆ ಚಂದ್ರವ್ವಕ್ಕನ ಮುಂದೆ ನಿಂತೆ. ಅವರು ರೊಟ್ಟಿ ಬಡಿಯುತ್ತಿದ್ದರು. ಮನೆಯಲ್ಲಿ ಆಳುಕಾಳು ಎಷ್ಟಿದ್ದರೂ ಸಾಹೇಬರ ರೊಟ್ಟಿ ಅವರೇ ಬಡಿಯಬೇಕು. ನಾನು ಬಾಯಿ ತೆಗೆಯುವ ಮೊದಲೇ ಅವರು ಮಾತಾಡಿದರು.

"ನಂಗ ಗೊತ್ತಿಲ್ಲಂತ ತಿಳದೀಯೇನು ಸನಾಉಲ್ಲಾ? ಎರಡ ವರ್ಷಾತು, ನಾ ಒಳಗ ಬಂದ ಕೂಡ್ಲೆ ಅವರು ನಿನ್ನ ಕಡೆ ವಾಲೂದು ನೋಡಾಕತ್ತೀನಿ."

"ಹಂಗಾದ್ರ ನೀವರ ಬ್ಯಾಡನ್ರಿ ಅಕ್ಕಾರ. ನಿಮ್ಮ ಮಾತ ಗೌರೀಶಪ್ಪ ಮೀರೂದಿಲ್ಲ."

"ಮೀರ್ಯಾನ. ಕಾಲಿಗೆ ಬಿದ್ದು ಹೇಳೀನಿ, ಮಗನ ಕಾಲಿಗೆ!" ಅವರು ಹಿಟ್ಟಿನ ಕೈಯಿಂದಲೇ ಕಣ್ಣು ಒರೆಸಿಕೊಂಡರು. "ಈಗ ನಿನಗೊಂದ ಬೇಡ್ಕೋತೀನಿ. ನಾಲ್ಕ ಮಂದಿ ಮುಂದ ಅವರ ಮಾನ ಹೋಗಾಕ ಬಿಡಬ್ಯಾಡ. ಅವರು ಅಂಜಿ ನಿಂತದ್ದನ್ನ ನಾ ನೋಡಲಾರೆ."

ಅಕ್ಕನಿಗೆ ಮಾತು ಕೊಡದೆಯೇ ಹೊರಬಿದ್ದೆ. ಗಂಡ ಬೀಳಿಸು ಎಂದು ಆಣೆ ಹಾಕಿಸಿಕೊಂಡಿದ್ದಾನೆ, ಹೆಂಡತಿ ಎತ್ತಿ ಹಿಡಿ ಎಂದು ಬೇಡುತ್ತಿದ್ದಾಳೆ. ಮನೆಗೆ ಬಂದು ಊಟ ಮಾಡದೆ ಕೂತೆ. ನನ್ನ ಹೆಂಡತಿ ಸಿತಾರಾ ಎಲ್ಲ ಕೇಳಿ, ಮಾತು ಕೊಟ್ಟದ್ದು ಸಾಹೇಬರಿಗೋ ಅವರ ಮನೆಯವರಿಗೋ ಎಂದು ನಮ್ಮ ಮನೆಮಾತಾದ ದಖ್ಖನಿ ಉರ್ದುವಿನಲ್ಲಿ ಒಂದೇ ಪ್ರಶ್ನೆ ಹಾಕಿದಳು. ಸಾಹೇಬರಿಗೆ, ಎಂದೆ. ಹಾಗಾದರೆ ಬಾಯಿ ಮುಚ್ಚಿಕೊಂಡು ನಿಂತುಬಿಡಿ, ಎಂದಳು. ನಾಮಪತ್ರ ಸಲ್ಲಿಸುವ ದಿನವೇ ಅದನ್ನು ಮಾಡುವುದೆಂದು ನಾನು ಗಟ್ಟಿ ಮನಸ್ಸು ಮಾಡಿಕೊಂಡೆ.

ಆ ದಿನ ಬೆಳಗಾವಿಯ ರಸ್ತೆಯಲ್ಲಿ ಇರುವೆ ನುಸುಳಲೂ ಜಾಗವಿರಲಿಲ್ಲ. ಡೊಳ್ಳು, ಹಲಗೆ, ಹೂವಿನ ಮಳೆ. ತೆರೆದ ಗಾಡಿಯ ಮೇಲೆ ಸಾಹೇಬರು ಕೈಮುಗಿದುಕೊಂಡೇ ಇದ್ದರು, ಯಾಕೆಂದರೆ ಕೈ ಇಳಿಸಬೇಡಿರೆಂದು ನಾನೇ ಹೇಳಿದ್ದೆ. ಜಿಲ್ಲಾಧಿಕಾರಿ ಕಚೇರಿಯೊಳಗೆ ಅಭ್ಯರ್ಥಿಯ ಜೊತೆ ನಾಲ್ಕೇ ಮಂದಿಗೆ ಪ್ರವೇಶ. ಗೌರೀಶ, ಸೋಮಲಿಂಗ, ಒಬ್ಬ ವಕೀಲರು ಮತ್ತು ನಾನು. ಚುನಾವಣಾಧಿಕಾರಿ ಮೇಡಮ್ಮು ಕಾಗದಗಳನ್ನೆಲ್ಲ ನೋಡಿ, ಪ್ರಮಾಣವಚನದ ಹಾಳೆ ಕೈಗೆ ತೆಗೆದುಕೊಂಡು ಎದ್ದು ನಿಂತರು. ನಾವೂ ಎದ್ದೆವು. ಈ ವಚನ ಅಭ್ಯರ್ಥಿ ತಾನೇ, ತನ್ನ ಬಾಯಿಯಿಂದಲೇ ಹೇಳಬೇಕು.

"ನಾನು ಹೇಳಿದಂಗ ಹೇಳ್ರಿ ಸರ್," ಎಂದರು ಮೇಡಮ್ಮು. "ನಾನು... ಇಲ್ಲಿ ನಿಮ್ಮ ಹೆಸರು ಹೇಳ್ರಿ."

"ನಾನು," ಎಂದರು ಸಾಹೇಬರು. ಹೆಸರು ಎಂಬ ಮಾತು ಕೇಳಿದ್ದೇ ತಡ, ಅವರ ಬಲಗಿವಿ ನನ್ನ ಕಡೆ ವಾಲಿತು.

ನಾನು ಹಲ್ಲು ಕಚ್ಚಿದೆ.

ಹೊರಗೆ ಸಾವಿರಾರು ಮಂದಿ ಅದೇ ಹೆಸರನ್ನು ಕೂಗುತ್ತಿದ್ದರು, ಆದರೆ ಮುಚ್ಚಿದ ಕಿಟಕಿಗಳಿಂದ ಬರೀ ಗದ್ದಲ ಕೇಳುತ್ತಿತ್ತು. ಸಾಹೇಬರು ಇನ್ನಷ್ಟು ವಾಲಿದರು. ಸೋಮಲಿಂಗ ಕೆಮ್ಮಿದ. ಗೌರೀಶ ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿ, ತಾನೇ ಬಾಯಿ ತೆಗೆದ. ಮೇಡಮ್ಮು ಕೈ ಎತ್ತಿ ತಡೆದರು. "ನೀವ್ಯಾರೂ ಹೇಳಬ್ಯಾಡ್ರಿ. ಸರ್, ಆರಾಮ ಅದೀರಿಲ್ಲ?" ಅವರ ಹುಬ್ಬು ಗಂಟಾಗಿತ್ತು. ಇನ್ನು ಅರ್ಧ ನಿಮಿಷ ನಾನು ಹೀಗೆಯೇ ನಿಂತರೆ ಸಾಕಿತ್ತು. ಮನಸ್ಸಿನಲ್ಲಿ ಅಲ್ಲಾಹನನ್ನು ನೆನೆದೆ. ಬೀಳಲಿ, ಇವತ್ತೇ ಬೀಳಲಿ, ನನ್ನ ಸಾಹೇಬರು ಕೇಳಿದ್ದು ಇದನ್ನೇ.

ಆಗ ಅವರ ಕೈ ಹಿಂದೆ ಬಂತು. ಮೇಡಮ್ಮಿಗೆ ಕಾಣದ ಹಾಗೆ ಗಾಳಿಯಲ್ಲಿ ತಡಕಾಡಿ, ನನ್ನ ಅಂಗಿಯ ತುದಿ ಸಿಕ್ಕ ಕೂಡಲೇ ಅದನ್ನು ಮುಷ್ಟಿಯಲ್ಲಿ ಹಿಡಿದು ಜಗ್ಗಿತು. ಸಂತೆಯಲ್ಲಿ ತಾಯಿ ತಪ್ಪಿಹೋದ ಕೂಸು ಸೆರಗು ಜಗ್ಗುವ ಹಾಗೆ. ಮತ್ತೊಮ್ಮೆ ಜಗ್ಗಿತು. ಅವರು ಸ್ವಲ್ಪ ತಿರುಗಿದರು, ಕಣ್ಣು ಕಂಡವು. ಅಷ್ಟು ಭಯವನ್ನು ನಾನು ಯಾರ ಕಣ್ಣಲ್ಲೂ ನೋಡಿಲ್ಲ. ಇಪ್ಪತ್ತಾರು ವರ್ಷ ನನಗೆ ಅನ್ನ ಹಾಕಿದ ಮನುಷ್ಯ, ನನ್ನ ಮಗಳು ಮುಸ್ಕಾನಳಿಗೆ ಸೀಟು ಕೊಡಿಸಲು ಕಾಲೇಜಿನ ಬಾಗಿಲಲ್ಲಿ ತಾನೇ ಹೋಗಿ ನಿಂತಿದ್ದ ಮನುಷ್ಯ, ಅಂಜಿ ನಡುಗುತ್ತಿದ್ದ. ಮೇಡಮ್ಮು ಹಾಳೆಯನ್ನು ಟೇಬಲ್ಲಿನ ಮೇಲಿಡಲು ಬಗ್ಗಿದರು.

"ಗುರುಪುತ್ರಪ್ಪ ಸಂಪಗಾವಿ," ಎಂದು ಪಿಸುಗುಟ್ಟಿದೆ.

"ನಾನು, ಗುರುಪುತ್ರಪ್ಪ ಸಂಪಗಾವಿ," ಎಂದು ಸಾಹೇಬರ ಧ್ವನಿ ಕೋಣೆ ತುಂಬಿತು. ಮುಂದಿನದೆಲ್ಲವನ್ನೂ ಮೇಡಮ್ಮು ಹೇಳಿದಂತೆ, ಒಂದು ಅಕ್ಷರವೂ ತಪ್ಪದೆ, ಸಭೆಯಲ್ಲಿ ಮಾತಾಡುವ ಅದೇ ಗತ್ತಿನಿಂದ ಹೇಳಿ ಮುಗಿಸಿದರು. ತೋರಿಸಿದಲ್ಲಿ ಸಹಿ ಹಾಕಿದರು. ಮೇಡಮ್ಮು, "ಉಪವಾಸ ಇದ್ರೇನ್ರಿ ಸರ್? ಬಿಸಲೂ ಭಾಳ ಐತಿ," ಎಂದು ನಕ್ಕು ರಸೀದಿ ಕೊಟ್ಟರು. ಗೌರೀಶ ನನ್ನ ಬೆನ್ನು ತಟ್ಟಿದ. ಆ ಕೈಯನ್ನು ಕಿತ್ತೆಸೆಯಬೇಕು ಅನಿಸಿತು. ನಾನು ಸೋತೆ. ಒಂದೇ ಒಂದು ಸಲ ಬಾಯಿ ಮುಚ್ಚಿಕೊಂಡಿರುವುದು ನನ್ನಿಂದ ಆಗಲಿಲ್ಲ.

ಕಾರಿಡಾರಿನಲ್ಲಿ ನಾವಿಬ್ಬರೇ ಸ್ವಲ್ಪ ಹಿಂದೆ ಉಳಿದೆವು. ಸಾಹೇಬರು ಇನ್ನೂ ನನ್ನ ಅಂಗಿಯನ್ನು ಬಿಟ್ಟಿರಲಿಲ್ಲ.

"ಸನಾ, ಇವತ್ತ ನೀ ಬರೇ ಹೆಸರ ಹೇಳಿದಿ," ಎಂದರು, ಸ್ವಲ್ಪ ಸಿಟ್ಟಿನಿಂದ. "ಊರ ಹೇಳಲಿಲ್ಲ, ವಿಷಯ ಹೇಳಲಿಲ್ಲ. ಯಾರಪಾ ಅಂವ, ಗುರುಪುತ್ರಪ್ಪ?"

ಅವರ ಕಿವಿ ಕಾಯುತ್ತಿತ್ತು. ಕ್ರಮದಂತೆಯೇ ಹೇಳಿದೆ.

"ಗುರುಪುತ್ರಪ್ಪ. ಖಾನಾಪುರ. ಒಂದ ಮಾತ ನಡಸಿಕೊಡು ಅಂತ ನನ್ನ ಕೈ ಹಿಡದು ಕೇಳಿದ್ರು. ನನ್ನ ಕಡಿಂದ ಆಗಲಿಲ್ಲರಿ."

ಸಾಹೇಬರ ಮುಖ ಮೆತ್ತಗಾಯಿತು. ದೂರು ತಂದವರಿಗೆಲ್ಲ ಮಾಡುತ್ತಿದ್ದ ಹಾಗೆ ನನ್ನ ಹೆಗಲ ಮೇಲೆ ಕೈಯಿಟ್ಟರು.

"ಪಾಪ, ಚಲೋ ಮನಷ್ಯಾ ಇರಬೇಕು," ಎಂದರು. "ಮುಂದಿನ ಸಲ ಬಂದ್ರ ತಪ್ಪದ ಮಾಡಿಕೊಡೂಣು. ನೀ ನಂಗೊಂದೀಟ ನೆನಪ ಮಾಡ."