ಕೀ ಕೊಡುವ ಕ್ಯಾಮೆರಾ

ಸ್ಟುಡಿಯೋದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಕತ್ತರಿ ಅಂತ. ಅದು ಅವಳ ಅಣ್ಣನ ಮದುವೆ ವಿಡಿಯೊ ಸ್ಟುಡಿಯೋ. ಅಣ್ಣ ಚಿತ್ರ ತೆಗೆದುಕೊಂಡು ಬರುತ್ತಿದ್ದ, ತಂಗಿ ಕಂಪ್ಯೂಟರ್ ಮುಂದೆ ಕೂತು ಕತ್ತರಿಸುತ್ತಿದ್ದಳು. ಮದುಮಗನ ಅಪ್ಪ ಆಕಳಿಸಿದರೆ ಕತ್ತರಿಸು. ಕುರ್ಚಿಗಾಗಿ ಸೋದರಮಾವಂದಿರು ಕಿತ್ತಾಡಿದರೆ ಕತ್ತರಿಸು. ಮದುಮಗಳು ಯಾರಿಗೂ ಕಾಣದಂತೆ ಕಣ್ಣೊರೆಸಿಕೊಂಡರೆ ಅದನ್ನಂತೂ ಮೊದಲು ಕತ್ತರಿಸು. ಅವಳಿಗೆ ಚೆನ್ನಾಗಿ ಕಂಡದ್ದೆಲ್ಲ ಹೀಗೆ ಕಸದ ಬುಟ್ಟಿಗೇ ಹೋಗುತ್ತಿತ್ತು. ಅಣ್ಣ ಬೆನ್ನ ಹಿಂದೆ ಕುರ್ಚಿ ಎಳೆದುಕೊಂಡು ಕೂತು, ಕಾಫಿ ಹೀರುತ್ತಾ, "ಅದು ಬೇಡ, ಅದೂ ಬೇಡ" ಅನ್ನುತ್ತಿದ್ದ.

ಎರಡು ಸಲ ಅವನ ಹಳೇ ಕ್ಯಾಮೆರಾ ಎತ್ತಿಕೊಂಡು ಹೋಗಿ ತನ್ನ ಪಾಡಿಗೆ ಏನೋ ತೆಗೆದಿದ್ದಳು. ಒಂದು ಸಲ ಎದುರು ಫುಟ್‌ಪಾತಿನಲ್ಲಿ ಚಪ್ಪಲಿ ಹೊಲಿಯುವವನ ಕೈಗಳು. ಇನ್ನೊಂದು ಸಲ ಮಹಡಿ ಮೆಟ್ಟಿಲ ಮೇಲೆ ಸರಿಯುತ್ತಾ ಹೋದ ಬಿಸಿಲು. ಎರಡು ಸಲವೂ ಅಣ್ಣ ಕ್ಯಾಮೆರಾ ಹಿಂದಿನ ಪುಟ್ಟ ಪರದೆಯಲ್ಲಿ ನೋಡಿ, ನಕ್ಕು, ಅಲ್ಲೇ ಅಳಿಸಿದ. ಕಾರ್ಡು ತುಂಬಿಹೋಗುತ್ತದಂತೆ. ಎರಡನೇ ಸಲ ಅವಳಿಗೆ ಬಂದದ್ದು ಅಳು ಅಲ್ಲ, ಸಿಟ್ಟು. ಆ ಸಿಟ್ಟು ಆಮೇಲೆ ಇಳಿಯಲೇ ಇಲ್ಲ.

"ಸಿನಿಮಾ ಕಲೀತೀನಿ. ನನ್ನದೇ ಒಂದು ಕ್ಯಾಮೆರಾ ತಗೋತೀನಿ, ರೀಲಿಂದು" ಅಂದಳು.

"ಅಂಗಡೀಲಿ ನಿಂಗೆ ಟೋಪಿ ಹಾಕ್ತಾರೆ" ಅಂತ ಅಣ್ಣ ತಾನೂ ಹೊರಟ. ಬೇಡ ಅಂದರೂ ಬಂದ.

ಹಳೇ ಕ್ಯಾಮೆರಾಗಳ ಅಂಗಡಿ ಒಂದು ಲಾಂಡ್ರಿಯ ಪಕ್ಕದ ಕಿರಿದಾದ ಕೋಣೆ. ಇಸ್ತ್ರಿಯ ಬಿಸಿ ಗೋಡೆ ದಾಟಿ ಬರುತ್ತಿತ್ತು. ಅಂಗಡಿಯಾತ ಮೊದಲು ತೆಗೆದಿಟ್ಟದ್ದು ಹಗುರವಾದೊಂದು ಕ್ಯಾಮೆರಾ. ಬ್ಯಾಟರಿ ಹಾಕಿ ಗುಂಡಿ ಒತ್ತಿದರೆ ತಾನೇ ಓಡುತ್ತದೆ, ತಾನೇ ಬೆಳಕು ಅಳೆಯುತ್ತದೆ.

"ಕಲಿಯೋರಿಗೆ ಇದೇ ಸುಲಭ ಕಣಮ್ಮ" ಅಂದ ಅಂಗಡಿಯಾತ.

"ಇದನ್ನೇ ಕೊಡಿ" ಅಂದ ಅಣ್ಣ, ಕಲಿಯುವವನು ತಾನೇ ಎಂಬಂತೆ.

ಅವಳು ಗುಂಡಿ ಒತ್ತಿ ಕಿವಿಗೆ ಹಿಡಿದಳು. ಒಳಗೆ ಗೊರ್ ಅಂದು ನಿಂತಿತು, ಮತ್ತೆ ಗೊರ್ ಅಂದಿತು. ಕೆಮ್ಮುವ ಮೋಟಾರನ್ನು ನಂಬಿಕೊಂಡು ಯಾರು ಹೋಗುತ್ತಾರೆ? ಅದನ್ನು ಪಕ್ಕಕ್ಕಿಟ್ಟು, ಮೇಲಿನ ಶೆಲ್ಫಿನಲ್ಲಿ ಧೂಳು ಹಿಡಿದು ಕೂತಿದ್ದ ಇನ್ನೊಂದನ್ನು ಕೇಳಿದಳು. ಅದು ಇಟ್ಟಿಗೆಯಷ್ಟು ಭಾರ. ಬ್ಯಾಟರಿಯೂ ಇಲ್ಲ, ಪರದೆಯೂ ಇಲ್ಲ. ಪಕ್ಕದಲ್ಲಿ ಒಂದು ಹಿಡಿ. ಹಳೇ ಗಡಿಯಾರಕ್ಕೆ ಕೊಡುವ ಹಾಗೆ ಕೀ ಕೊಡಬೇಕು, ಒಂದು ಸಲ ಕೊಟ್ಟರೆ ಅರ್ಧ ನಿಮಿಷದೊಳಗೆ ಓಡಿ ನಿಲ್ಲುತ್ತದೆ. ಯಾರಿಗೂ ಬೇಡವಾದ್ದರಿಂದ ಅಲ್ಲಿದ್ದವುಗಳಲ್ಲೆಲ್ಲ ಅಗ್ಗ.

ಕೀ ಕೊಟ್ಟು ಓಡಿಸಿದಳು. ಹೊಲಿಗೆ ಯಂತ್ರದ ಹಾಗೆ ಒಂದೇ ಸಮನೆ ಸದ್ದು, ಮೊದಲಿನಿಂದ ಕೊನೆವರೆಗೂ. ಲೆನ್ಸನ್ನು ಬೆಳಕಿಗೆ ಹಿಡಿದು ಬೂಷ್ಟು ಇದೆಯೇ ಅಂತ ನೋಡಿದಳು. ಇರಲಿಲ್ಲ.

"ತೆಗೆದದ್ದನ್ನ ಎಲ್ಲಿ ನೋಡೋದು?" ಅಂದ ಅಣ್ಣ.

"ನೋಡಕ್ಕಾಗಲ್ಲ. ರೀಲು ಲ್ಯಾಬಿನಲ್ಲಿ ತೊಳೆದು ಬರೋವರೆಗೂ ಯಾರಿಗೂ ಕಾಣಲ್ಲ" ಅಂದ ಅಂಗಡಿಯಾತ, ಸರಕಿನ ದೋಷ ಒಪ್ಪಿಕೊಳ್ಳುವ ದನಿಯಲ್ಲಿ.

ಅವಳು ಅಲ್ಲೇ ತೀರ್ಮಾನ ಮಾಡಿಬಿಟ್ಟಳು. "ಇದೇ ಕೊಡಿ."

"ತಲೆ ಕೆಟ್ಟಿದೆಯಾ? ಏನು ಬಂತು ಏನಿಲ್ಲ ಅಂತ ನೋಡದೆ ಕಲಿಯೋದು ಹೇಗೆ?"

"ಒತ್ತೋಕೆ ಮುಂಚೆ ನೋಡಿ ಕಲೀತೀನಿ" ಅಂದಳು ಅವಳು. ಅಣ್ಣ ಮುಖ ಗಂಟಿಕ್ಕಿಕೊಂಡು ದಾರಿಯುದ್ದಕ್ಕೂ ಮಾತಾಡಲಿಲ್ಲ. ಅವಳಿಗೆ ಅದೂ ಲಾಭವೇ ಅನ್ನಿಸಿತು.

ಮೊದಲ ರೀಲು ಅಮ್ಮನಿಗೆ. ಅಮ್ಮ ಬಸ್ ಡಿಪೋದಲ್ಲಿ ಬಸ್ಸು ತೊಳೆಯುತ್ತಿದ್ದಳು. ಮೊಣಕಾಲಿನವರೆಗೆ ರಬ್ಬರ್ ಬೂಟು, ಕೈಯಲ್ಲಿ ಆಳೆತ್ತರದ ಬ್ರಷ್ಷು, ಹೆಗಲ ಮೇಲೆ ನೀರಿನ ಪೈಪು. ಮಗ ಮಾತ್ರ ಗಿರಾಕಿಗಳೆದುರು "ಅಮ್ಮ ಸಾರಿಗೆಯಲ್ಲಿದ್ದಾರೆ" ಅನ್ನುತ್ತಿದ್ದ. ಸುಳ್ಳೇನಲ್ಲ ಬಿಡಿ. ಆದರೆ ಬಾಯಿಬಿಟ್ಟು ಪೂರ್ತಿ ಹೇಳಿದ್ದನ್ನು ಯಾರೂ ಕೇಳಿರಲಿಲ್ಲ.

ಇಡೀ ರೀಲು ಮೂರು ನಿಮಿಷವೂ ಬರುವುದಿಲ್ಲ. ಹಾಗಾಗಿ ಮೊದಲ ದಿನ ಅವಳು ಕ್ಯಾಮೆರಾ ಎತ್ತಲೇ ಇಲ್ಲ, ಬರೀ ನಿಂತು ನೋಡಿದಳು. ಅಮ್ಮ ಮೊದಲು ಮುಂದಿನ ಗಾಜಿಗೆ ನೀರು ಬಿಡುತ್ತಾಳೆ, ಆಮೇಲೆ ಮೇಲಿನಿಂದ ಕೆಳಕ್ಕೆ ಉಜ್ಜುತ್ತಾಳೆ, ಚಕ್ರದ ಹತ್ತಿರ ಬಂದಾಗ ಸೊಂಟ ಹಿಡಿದುಕೊಂಡು ಯಾರಿಗೋ ಬೈಯುತ್ತಾಳೆ. ಇಪ್ಪತ್ತು ವರ್ಷ ಆ ಕೈಯ ಅನ್ನ ಉಂಡವಳಿಗೆ ಇದು ಗೊತ್ತೇ ಇರಲಿಲ್ಲ. ನಾಚಿಕೆಯಾಯಿತು, ಖುಷಿಯೂ ಆಯಿತು.

"ಏನೇ ಹಾಗೆ ಬಾಯಿ ಬಿಟ್ಕೊಂಡು ನಿಂತಿದ್ದೀಯ? ಒತ್ತು" ಅಂದಳು ಅಮ್ಮ.

ಮಾರನೇ ದಿನ ಒತ್ತಿದಳು. ಸ್ವಲ್ಪವೇ ರೀಲು ಉಳಿದಿದ್ದಾಗ ಅಮ್ಮ ಕಟ್ಟೆಯ ಮೇಲೆ ಕೂತು ಬೂಟು ಕಳಚಿ, ಒಳಗಿದ್ದ ನೀರು ಚೆಲ್ಲಿ, ನೇರವಾಗಿ ಕ್ಯಾಮೆರಾ ನೋಡಿ ನಕ್ಕಳು. ಅಂಥ ನಗು ಮನೆಯಲ್ಲೂ ಸಿಗುವಂಥದ್ದಲ್ಲ. ಕೀ ನಿಲ್ಲುವವರೆಗೂ ಮಗಳು ಉಸಿರು ಬಿಗಿಹಿಡಿದಿದ್ದಳು.

ಆ ಸಂಜೆ ಅವಳು ಕೈಕಾಲು ತೊಳೆದು ಬರುವಷ್ಟರಲ್ಲಿ ಅಣ್ಣ ಕ್ಯಾಮೆರಾದ ಬಾಗಿಲು ತೆಗೆದು ಒಳಗೆ ಇಣುಕುತ್ತಿದ್ದ.

"ಕಾರ್ಡು ಎಲ್ಲಿದೆ ಇದರಲ್ಲಿ? ಡಿಪೋಗೆ ಹೋಗಿದ್ಯಂತೆ. ಏನು ತೆಗೆದೆ ನೋಡೋಣ ಅಂತ."

ಅವಳು ಕಿತ್ತುಕೊಂಡು ಬಾಗಿಲು ಮುಚ್ಚಿದಳು. ಡಿಜಿಟಲ್ ಬಂದ ಮೇಲೆ ಕ್ಯಾಮೆರಾ ಹಿಡಿದವನು ಅವನು. ರೀಲಿಗೆ ಬೆಳಕು ತಗುಲಿದರೆ ಚಿತ್ರ ಸುಟ್ಟು ಬಿಳಿಯಾಗುತ್ತದೆ ಅಂತ ಅವನಿಗೆ ತಿಳಿದಿರಲಿಲ್ಲ. ಬೇಕೆಂದೇ ಮಾಡಿದ್ದಲ್ಲ, ಒಪ್ಪೋಣ. ಆದರೆ ಇನ್ನೊಬ್ಬರದ್ದನ್ನು ಕೇಳದೆ ತೆರೆಯಬಾರದು ಅಂತ ತಿಳಿಯಲು ಯಾವ ಕ್ಯಾಮೆರಾ ವಿದ್ಯೆ ಬೇಕು?

ಕ್ಯಾಮೆರಾ ಎತ್ತಿಕೊಂಡು ಅಂಗಡಿಗೆ ಓಡಿದಳು. "ರೀಲಿನ ಹೊರಗಿನ ಸುತ್ತು ಹೋಗಿರುತ್ತೆ, ಒಳಗಿಂದು ಉಳಿದಿರಬಹುದು. ತೊಳೆಸಿ ನೋಡು" ಅಂದ ಅಂಗಡಿಯಾತ. ಹೊರಗಿನ ಸುತ್ತೆಂದರೆ ಕೊನೆಗೆ ತೆಗೆದದ್ದು, ಅಮ್ಮನ ನಗು. ಅವಳು ಅಂಗಡಿಯಲ್ಲೇ ಅತ್ತಳು, ಮೂಗು ಒರೆಸಿಕೊಂಡಳು, ರೀಲನ್ನು ತೊಳೆಯಲು ಕಳಿಸಿದಳು.

ರೀಲು ವಾಪಸು ಬಂತು. ಜೊತೆಗೆ ಕಂಪ್ಯೂಟರಿನಲ್ಲಿ ನೋಡಲು ಅದರ ಒಂದು ಪ್ರತಿ. ಅಮ್ಮ ಡ್ಯೂಟಿ ಮುಗಿಸಿ ಸೀದಾ ಸ್ಟುಡಿಯೋಗೇ ಬಂದಳು. ಮೂವರೂ ಪರದೆ ಮುಂದೆ ಕೂತರು.

ಗಾಜಿನ ಮೇಲೆ ನೀರು ಹರಿಯಿತು. ಬ್ರಷ್ಷು ಮೇಲೇರಿ ಇಳಿಯಿತು. ಅಮ್ಮ ಚಕ್ರದ ಹತ್ತಿರ ಬೈದಳು, ಸದ್ದಿಲ್ಲದೆ; ಆ ಕ್ಯಾಮೆರಾ ಚಿತ್ರವನ್ನಷ್ಟೇ ಹಿಡಿಯುವುದು. ಆಮೇಲೆ ಅಂಚುಗಳಿಂದ ಬಿಳಿ ನುಗ್ಗಿತು. ಬಿಳಿಯ ನಡುವೆ ಒಂದು ಬೂಟು, ಒಂದು ಕೈ, ಅರ್ಧ ನಗು ಕಂಡಿತು. ಮತ್ತೆ ಎಲ್ಲ ಬಿಳಿಯಾಗಿ ಮುಗಿಯಿತು.

"ಆ ಬಿಳೀದು ಕತ್ತರಿಸು" ಅಂದ ಅಣ್ಣ.

"ಕತ್ತರಿಸಲ್ಲ. ಅದು ನೀನು ಮಾಡಿದ್ದು, ಇರಲಿ."

"ಡಿಪೋದ್ದೂ ಬೇಡ. ನಾಳೆ ಇದನ್ನ ಯಾರಾದ್ರೂ ನೋಡಿದ್ರೆ ನನ್ನ ಮರ್ಯಾದೆ ಏನಾಗ್ಬೇಕು?"

"ಡಿಪೋ ಬಿಟ್ರೆ ಇದರಲ್ಲಿ ಇನ್ನೇನಿದೆ? ಕತ್ತರಿಸಲ್ಲ ಅಂದೆನಲ್ಲ."

ಅವನಿಗೆ ಪಿತ್ತ ನೆತ್ತಿಗೇರಿತು. ಅವಳ ಹೆಗಲ ಮೇಲಿಂದ ಕೈ ಚಾಚಿ, ಗುಂಡಿ ಒತ್ತಿ, ಇಡೀ ಪ್ರತಿಯನ್ನೇ ಅಳಿಸಿಬಿಟ್ಟ. ಪರದೆ ಖಾಲಿಯಾಯಿತು.

ಅಮ್ಮ ಮಗನತ್ತ ತಿರುಗಿದಳು. ಬೂಟಿನ ನೀರು ಸ್ಟುಡಿಯೋದ ಹೊಸ ಕಾರ್ಪೆಟ್ಟಿಗೆ ಇಳಿಯುತ್ತಿತ್ತು.

"ಈಗ ನೀನು ಅಳಿಸಿದ್ದು ಏನನ್ನಪ್ಪಾ, ನಿನ್ನ ತಪ್ಪನ್ನೋ, ನನ್ನನ್ನೋ?"

ಅಣ್ಣ ತಲೆ ತಗ್ಗಿಸಿದ.

ತಂಗಿ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು, ಚೀಲದಿಂದ ರೀಲು ತೆಗೆದು ಅಮ್ಮನ ತೊಡೆಯ ಮೇಲಿಟ್ಟಳು.

"ಅಸಲು ಇಲ್ಲಿದೆ ಅಣ್ಣ. ಇನ್ನೊಂದು ಪ್ರತಿ ಮಾಡಿಸ್ಕೊಂಡು ಬರ್ತೀನಿ, ಅದನ್ನೂ ಅಳಿಸು. ನೀನು ಎಷ್ಟು ಸಲ ಅಳಿಸ್ತೀಯೋ ಅಷ್ಟು ಸಲ ತರ್ತೀನಿ."