ಲೈನ್‌ಮನೆಯ ಕೋವಿ

ಸಣ್ಣಸ್ವಾಮಿ ಸರಿಯಾಗಿ ನಿದ್ದೆ ಮಾಡಿ ನಲವತ್ತು ದಿನವಾಗಿತ್ತು. ರಾತ್ರಿಯೆಲ್ಲ ಧರ್ಮೇಶ್ ಸಾಹುಕಾರರ ತೋಟದಲ್ಲಿ ಅವರದೇ ಕೋವಿ ಹಿಡಿದು ಹಂದಿ ಓಡಿಸುವ ಕೆಲಸ. ಹಗಲು, ತೋಟದಾಳುಗಳಿಗೆಂದು ಸಾಹುಕಾರರು ಕಟ್ಟಿಸಿದ ಲೈನ್‌ಮನೆಯ ಗೋಡೆಗೊರಗಿ ಗೊಣಗುತ್ತಿದ್ದ. ತಟ್ಟೆ ಮುಂದಿಟ್ಟರೆ ನೊಣ ಮುತ್ತುವವರೆಗೂ ನೋಡುತ್ತ ಕೂರುತ್ತಿದ್ದ. "ನಾನು ಹೋದ್ರೆ ನಿಂಗೆ ಸಲೀಸು ವನಜಾ" ಅಂದ ದಿನ ಹೆಂಡತಿ ವನಜಮ್ಮ ಮನೆಯ ಮೂಲೆಯತ್ತ ನೋಡಿದಳು. ಕೋವಿ ಅಲ್ಲೇ ಇತ್ತು.

ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಒಳ್ಳೆಯವರು. ಇದು ಮನಸ್ಸಿನ ಕಾಯಿಲೆ, ವಾಸಿಯಾಗುತ್ತದೆ, ರಾತ್ರಿ ನಿದ್ದೆ ಬೇಕು, ಕೋವಿ ಮನೆಯಲ್ಲಿ ಇರಲೇಬಾರದು ಎಂದು ಚೀಟಿಯಲ್ಲೂ ಬರೆದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಸಾಹುಕಾರರು ಚೀಟಿ ಓದಿ ನಕ್ಕರು.

"ಡಾಕ್ಟ್ರು ಬಂದು ಹಂದಿ ಓಡಿಸ್ತಾರಾ? ಕೆಲಸ ಬಿಟ್ರೆ ಲೈನೂ ಬಿಡ್ಬೇಕು, ನೋಡು."

ಮರುದಿನ ಬೆಳಿಗ್ಗೆ ಸಣ್ಣಸ್ವಾಮಿ ರೇಷನ್ ಕಾರ್ಡು, ಬ್ಯಾಂಕಿನ ಪುಸ್ತಕ ಎಲ್ಲಿವೆಯೆಂದು ಹೆಂಡತಿಗೆ ತೋರಿಸತೊಡಗಿದ. ವನಜಮ್ಮ ಆಸ್ಪತ್ರೆಯಲ್ಲಿ ಕೊಟ್ಟ ಗುಳಿಗೆ ನುಂಗಿಸಿದಳು. ಪಕ್ಕದ ಮನೆಯ ದೊಡ್ಡಿ ಅಜ್ಜಿಯನ್ನು ಅವನ ಪಕ್ಕ ಕೂರಿಸಿದಳು. ಕೋವಿಯನ್ನು ಹಳೇ ಸೀರೆಯಲ್ಲಿ ಸುತ್ತಿಕೊಂಡು ಠಾಣೆಗೆ ನಡೆದಳು.

"ಲೈಸೆನ್ಸ್ ಇಲ್ದೆ ಕೋವಿ ಹೊತ್ಕೊಂಡು ಬಂದಿದ್ಯಲ್ಲ, ಕೇಸಾಗುತ್ತೆ ಗೊತ್ತಾ?" ಎಂದರು ಎಸ್‌ಐ.

"ನನ್ ಗಂಡ ಸಾಯ್ತೀನಿ ಅಂತಾವ್ನೆ ಸಾರ್. ಹುಷಾರಾಗೋಗಂಟ ನಿಮ್ ತಾವ ಇಟ್ಕಳಿ."

"ಕೋವಿ ಸಾಹುಕಾರ್ರದ್ದು. ಅವರು ಬರ್ಕೊಡದೆ ಇಡೋಕೆ ರೂಲ್ಸಿಲ್ಲ."

"ಓಟಿನ ಟೈಮಲ್ಲಿ ಎಲ್ಲಾರ್ ಕೋವೀನೂ ತಿಂಗಳುಗಟ್ಲೆ ಠಾಣೇಲಿ ಇಸ್ಕಂಡಿದ್ರಲ್ಲ? ಆಗ ಹಂದಿ ತೋಟ ಬಗ್ದಾಕ್ತಾ? ತಗಡು ಬಡ್ದು ಓಡಿಸ್ದೋನು ನನ್ ಗಂಡನೇಯ. ಓಟಿನ ಪೆಟ್ಟಿಗೆಗಿರೋ ಬೆಲೆ ಜೀವಕ್ಕಿಲ್ವಾ?"

ಎಸ್‌ಐ ಅವರ ಬೆನ್ನ ಹಿಂದಿನ ಗೋಡೆಯಲ್ಲಿ ಬಣ್ಣದ ಪೋಸ್ಟರು: 'ಜೀವ ಅಮೂಲ್ಯ. ಆತ್ಮಹತ್ಯೆ ತಡೆಯಲು ಒಂದು ಕರೆ ಮಾಡಿ.' ಎಸ್‌ಐ ಒಂದು ಕರೆ ಮಾಡಿದರು, ಸಾಹುಕಾರರಿಗೆ.

ಜೀಪು ಬಂತು. ಸಾಹುಕಾರರಿಗೆ ಕುರ್ಚಿ, ಕಾಫಿ, ಕೋವಿ ಮೂರೂ ಸಿಕ್ಕವು. ವನಜಮ್ಮನಿಗೆ ಸಿಕ್ಕಿದ್ದು ಬೈಗುಳ. ಇನ್ನೊಮ್ಮೆ ಹೀಗೆ ಮಾಡುವುದಿಲ್ಲವೆಂದು ಬರೆಸಿ ಹೆಬ್ಬೆಟ್ಟು ಒತ್ತಿಸಿಕೊಂಡು ಬಿಟ್ಟರು. ನಾಚಿಕೆಗೆಟ್ಟವರು!

ಅವಳು ಓಡೋಡಿ ಬರುವಷ್ಟರಲ್ಲಿ ಜೀಪು ಲೈನಿನ ಮುಂದೆ ನಿಂತಿತ್ತು. ಸಾಹುಕಾರರು ಲೈನಿನ ಆಳು ಲಿಂಗನಿಗೆ ಕೋವಿ ಕೊಡುತ್ತ ಕಿರುಚಾಡುತ್ತಿದ್ದರು.

"ಲಿಂಗ, ಇವತ್ತಿಂದ ನೀನು ಹಿಡಿ. ಇವರು ಮನೆ ಖಾಲಿ ಮಾಡ್ಲಿ."

ಲಿಂಗ ಚಾಚಿದ ಕೈ ಅರ್ಧಕ್ಕೇ ನಿಂತಿತು. ದೊಡ್ಡಿ ಅಜ್ಜಿ ಬಾಗಿಲಿಗೆ ಬಂದಿದ್ದಳು.

"ಮೂರು ವರ್ಷದ ಹಿಂದೆ ನನ್ ಮಗನ ಕೈಗೂ ಇದೇ ಕೋವಿ ಕೊಟ್ರಿ. ಅವನು ತಾನಾಗೇ ಜೀವ ಕಳ್ಕೊಂಡ. ಕಾಲು ಜಾರಿ ಗುಂಡು ತಗಲ್ತು ಅಂತ ಠಾಣೇಲಿ ಬರೆಸಿದ್ರಿ. ನಾನೂ ಬಾಯ್ಮುಚ್ಕೊಂಡಿದ್ದೆ."

ಲಿಂಗ ಕೈ ಹಿಂದಕ್ಕೆ ಕಟ್ಟಿಕೊಂಡ. ಸಾಹುಕಾರರು ಕೋವಿಯನ್ನು ಇನ್ನೊಬ್ಬನತ್ತ ಚಾಚಿದರು. ಅವನೂ ಕೈ ಕಟ್ಟಿಕೊಂಡ. ಕಾಫಿ ಕುಯ್ಲಿಗೆ ಹೊರಟಿದ್ದ ಹೆಂಗಸರು ಚೀಲ ಕೆಳಗಿಟ್ಟು ವನಜಮ್ಮನ ಬಾಗಿಲಿಗೆ ಅಡ್ಡ ನಿಂತರು.

"ಯಾರ್ರೀ ತೋಟ ಕಾಯೋದು?" ಸಾಹುಕಾರರು ಕಿರುಚಿದರು.

ವನಜಮ್ಮ ಹೆಂಗಸರ ನಡುವಿನಿಂದ ಒಳಗೆ ಇಣುಕಿದಳು. ನಲವತ್ತು ದಿನದ ಮೇಲೆ ಗಂಡ ಗೊರಕೆ ಹೊಡೆಯುತ್ತಿದ್ದ. ಅವಳು ತಿರುಗಿ ನಿಂತಳು.

"ತೋಟ ನಿಮ್ದು, ಕೋವಿ ನಿಮ್ದು, ನೀವೇ ಕಾಯ್ಕಳಿ. ಇಲ್ಲಿ ಕಿರುಚ್ಬ್ಯಾಡಿ ಸಾವ್ಕಾರ್ರೆ. ನನ್ ಗಂಡ ಮಲಗವ್ನೆ."